ಗದ್ದೆಯಡಿಯ ತೈಲ ಕೊಳವೆಯನ್ನು ಕಾಯುವ ಬಗೆ: ತಪಾಸಣೆ ಮತ್ತು ನಿರ್ವಹಣೆಗೊಂದು ಕೈಪಿಡಿ

ಮಂಗಳೂರಿನ ಸಂಸ್ಕರಣಾಗಾರದಿಂದ ಹೊರಟ ಪೆಟ್ರೋಲ್ ಮತ್ತು ಡೀಸೆಲ್ ಹಾಸನವನ್ನು ಹಾದು ಬೆಂಗಳೂರಿನ ಹೊರವಲಯದ ದೇವನಗೊಂದಿಯನ್ನು ತಲುಪುವುದು 360 ಕಿಲೋಮೀಟರ್‌ಗೂ ಹೆಚ್ಚು ಉದ್ದದ, ನೆಲದಲ್ಲಿ ಹೂತ ಉಕ್ಕಿನ ಕೊಳವೆಯ ಮೂಲಕ. ಮಂಗಳೂರಿನಿಂದ ಹಾಸನ, ಮೈಸೂರುಗಳಿಗೆ ಅಡುಗೆ ಅನಿಲ ತರುವ ಮಾರ್ಗ ಬೇರೆಯೇ ಇದೆ. ನಮ್ಮ ಸೀಮೆಯಲ್ಲಿ ಇಂಥ ಯಾವ ಕೊಳವೆ ಹಾಕಿದರೂ ಅದು ರಾಗಿ ಹೊಲ, ತೆಂಗಿನ ತೋಟ, ಭತ್ತದ ಗದ್ದೆ, ನೀರಾವರಿ ನಾಲೆ, ರೈಲು ಹಳಿ, ಹೈಟೆನ್ಷನ್ ತಂತಿ ಇವುಗಳ ನಡುವೆಯೇ ಸಾಗಬೇಕು. ಮೇಲೆ ಬೆಳೆ, ಕೆಳಗೆ ಒತ್ತಡದಲ್ಲಿ ಹರಿಯುವ ಇಂಧನ. ಇವೆರಡರ ನಡುವೆ ಇರುವುದು ಹೆಚ್ಚುಕಡಿಮೆ ಒಂದು ಮೀಟರ್ ಮಣ್ಣು ಮತ್ತು ಕೆಲವೇ ಮಿಲಿಮೀಟರ್ ದಪ್ಪದ ಉಕ್ಕು. ಈ ಕೆಲಸಕ್ಕೆ ಹೊಸದಾಗಿ ಸೇರಿದ ಡಿಪ್ಲೊಮಾ ಎಂಜಿನಿಯರ್‌ಗಳನ್ನೂ, ಕೊಳವೆಯ ಉದ್ದಕ್ಕೂ ನಡೆದು ಕಾಯುವ ಲೈನ್ ವಾಕರ್‌ಗಳ ಮೇಲ್ವಿಚಾರಕರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಕೈಪಿಡಿಯನ್ನು ಬರೆದಿದ್ದೇನೆ. ಜಮೀನಿನಲ್ಲಿ ಕೊಳವೆ ಹಾದುಹೋಗಿರುವ ರೈತರಿಗೂ ಇದರ ಕೆಲವು ಭಾಗ ಉಪಯೋಗಕ್ಕೆ ಬರುತ್ತದೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ದೊಡ್ಡ ಅವಘಡಗಳ ತನಿಖಾ ವರದಿಗಳನ್ನು ಓದಿದಾಗ ಎದ್ದು ಕಾಣುವುದು ಉಪಕರಣಗಳ ಕೊರತೆಗಿಂತ ಹೆಚ್ಚಾಗಿ, ಕೈಯಲ್ಲಿದ್ದ ಮಾಹಿತಿಯನ್ನು ಯಾರೂ ಒಟ್ಟಿಗೆ ಇಟ್ಟು ನೋಡಲಿಲ್ಲ ಎಂಬ ಸಂಗತಿ. ಅಮೆರಿಕದ ಬೆಲ್ಲಿಂಗ್‌ಹ್ಯಾಮ್‌ನಲ್ಲಿ 1999ರ ಜೂನ್ 10ರಂದು ಪೆಟ್ರೋಲ್ ಕೊಳವೆ ಸೀಳಿ ಸುಮಾರು 9 ಲಕ್ಷ ಲೀಟರ್ ಇಂಧನ ಹಳ್ಳಕ್ಕೆ ಹರಿದು ಹೊತ್ತಿಕೊಂಡಿತು. ಇಬ್ಬರು ಹತ್ತು ವರ್ಷದ ಬಾಲಕರೂ ಒಬ್ಬ ಹದಿನೆಂಟರ ಯುವಕನೂ ಸತ್ತರು. ಆ ಜಾಗದಲ್ಲಿ 1994ರಲ್ಲಿ ನೀರು ಶುದ್ಧೀಕರಣ ಘಟಕದ ಕಾಮಗಾರಿಗೆ ಅಗೆಯುವಾಗ ಕೊಳವೆಗೆ ಪೆಟ್ಟು ಬಿದ್ದಿತ್ತು, ಅನಂತರ ಕೊಳವೆಯೊಳಗೆ ಸಾಧನ ಓಡಿಸಿ ಮಾಡಿದ ಒಳತಪಾಸಣೆಗಳಲ್ಲಿ ದೋಷದ ಗುರುತೂ ಮೂಡಿತ್ತು, ಆದರೆ ಯಾರೂ ಅಗೆದು ನೋಡಿರಲಿಲ್ಲ. ಮಿಶಿಗನ್ ರಾಜ್ಯದ ಮಾರ್ಷಲ್ ಬಳಿ 2010ರ ಜುಲೈನಲ್ಲಿ ಕಚ್ಚಾತೈಲದ ಕೊಳವೆ ಬಿರಿದಾಗಲೂ ಅಷ್ಟೇ: ಆ ಬಿರುಕುಗಳು 2005ರ ತಪಾಸಣೆಯಲ್ಲೇ ಕಂಡಿದ್ದವು. ಬಿರಿದ ಮೇಲೆ ನಿಯಂತ್ರಣ ಕೊಠಡಿಯಲ್ಲಿ ಎಚ್ಚರಿಕೆಯ ಗಂಟೆಗಳು ಬಾರಿಸುತ್ತಲೇ ಇದ್ದರೂ 17 ಗಂಟೆಗಳ ಕಾಲ ಅದು ಸೋರಿಕೆ ಎಂದು ಯಾರೂ ಗುರುತಿಸಲಿಲ್ಲ. ಆ ಅವಧಿಯಲ್ಲಿ ಎರಡು ಸಲ ಪಂಪ್ ಮತ್ತೆ ಚಾಲೂ ಮಾಡಿದ್ದೂ ಉಂಟು. 30 ಲಕ್ಷ ಲೀಟರ್‌ಗೂ ಹೆಚ್ಚು ತೈಲ ಸೋರಿ ಜೌಗು, ಹಳ್ಳ, ನದಿಗಳಿಗೆ ಹರಿಯಿತು.

ಹಾಗಾಗಿ ತಪಾಸಣೆ ಶುರುವಾಗಬೇಕಾದದ್ದು ಒಂದು ಹಾಳೆಯಿಂದ.

ಎಲ್ಲವೂ ಒಂದೇ ಚೈನೇಜ್ ಮೇಲೆ

ಕೊಳವೆ ಹೊರಟ ಜಾಗದಿಂದ ಅಳೆದ ದೂರವನ್ನು ಚೈನೇಜ್ ಎನ್ನುತ್ತೇವೆ. ಲೈನ್ ವಾಕರ್‌ನ ವರದಿ, ವಿದ್ಯುತ್ ಹರಿಸಿ ತುಕ್ಕು ತಡೆಯುವ ಕ್ಯಾಥೋಡಿಕ್ ರಕ್ಷಣೆಯ ಅಳತೆ, ಕೊಳವೆಯ ಹೊರಲೇಪವಾದ ಕೋಟಿಂಗ್‌ನ ಸರ್ವೆ, ಒಳತಪಾಸಣೆಯ ದೋಷಪಟ್ಟಿ, ಅಗೆತದ ದಾಖಲೆ ಇವೆಲ್ಲ ಬೇರೆ ಬೇರೆ ಗುತ್ತಿಗೆದಾರರಿಂದ, ಬೇರೆ ಬೇರೆ ವರ್ಷದಲ್ಲಿ, ಬೇರೆ ಬೇರೆ ರೂಪದಲ್ಲಿ ಬರುತ್ತವೆ. ಅವುಗಳನ್ನು ಒಂದೇ ಚೈನೇಜ್ ರೇಖೆಯ ಕೆಳಗೆ ಸಾಲಾಗಿ ಬರೆಯಿರಿ. ಮೇಲಿನ ಸಾಲಿನಲ್ಲಿ ಗ್ರಾಮ, ಸರ್ವೆ ನಂಬರ್, ಮಣ್ಣಿನ ಬಗೆ, ಬೆಳೆ, ನಾಲೆ ಮತ್ತು ರಸ್ತೆ ದಾಟುವ ಜಾಗಗಳಿರಲಿ. ಅದರ ಕೆಳಗೆ ಕೊಳವೆಯ ದಪ್ಪ, ಬೆಸುಗೆಗಳ ಸಂಖ್ಯೆ, ಹೂತ ಆಳ. ಅದರ ಕೆಳಗೆ ಪ್ರತಿ ವರ್ಷದ ಅಳತೆಗಳು. ಒಂದು ಕಡೆ ಕೋಟಿಂಗ್ ಕಿತ್ತಿರುವ ಗುರುತು, ಅದೇ ಜಾಗದಲ್ಲಿ ವೋಲ್ಟೇಜ್ ಕುಸಿತ, ಅದೇ ಜಾಗದಲ್ಲಿ ಹೊರಮೈ ಸವೆತ, ಜೊತೆಗೆ ಎರಡು ವರ್ಷದ ಹಿಂದೆ ಅಲ್ಲಿ ಜೆಸಿಬಿ ಕೆಲಸ ಮಾಡಿತ್ತು ಎಂಬ ಲೈನ್ ವಾಕರ್‌ನ ಟಿಪ್ಪಣಿ, ಈ ನಾಲ್ಕೂ ಒಂದರ ಕೆಳಗೊಂದು ಬಿದ್ದರೆ ಎಲ್ಲಿ ಅಗೆಯಬೇಕೆಂದು ಯಾರನ್ನೂ ಕೇಳಬೇಕಾಗಿಲ್ಲ. ಬಿಡಿಬಿಡಿಯಾಗಿ ನೋಡಿದರೆ ಅವುಗಳಲ್ಲಿ ಯಾವುದೂ ತುರ್ತಿನದೆಂದು ಅನ್ನಿಸದೆ ಹೋಗಬಹುದು.

ಸಾಫ್ಟ್‌ವೇರ್ ಇದ್ದರೆ ಒಳ್ಳೆಯದೇ. ಇಲ್ಲದಿದ್ದರೆ ಸಾಧಾರಣ ಎಕ್ಸೆಲ್ ಹಾಳೆಯೂ ಸಾಕು. ಅದನ್ನು ತುಂಬುವ ಹೊಣೆ ಒಬ್ಬರದ್ದೇ ಆಗಿರಬೇಕು ಎಂಬುದಷ್ಟೇ ನನ್ನ ಆಗ್ರಹ.

ನಡೆದು ನೋಡುವುದು

ಕೊಳವೆಗೆ ಹೊರಗಿನಿಂದ ಬೀಳುವ ಪೆಟ್ಟನ್ನು ಬೀಳುವ ಮೊದಲೇ ತಡೆಯಬಲ್ಲವನು ಲೈನ್ ವಾಕರ್ ಒಬ್ಬನೇ. ಅಮೆರಿಕದ ನಿಯಮದಲ್ಲಿ ದ್ರವ ಇಂಧನದ ಮಾರ್ಗವನ್ನು ವರ್ಷಕ್ಕೆ ಕನಿಷ್ಠ 26 ಸಲ, ಮೂರು ವಾರಕ್ಕಿಂತ ಹೆಚ್ಚು ಅಂತರ ಬಾರದಂತೆ ನೋಡಬೇಕೆಂದಿದೆ. ನಮ್ಮಲ್ಲಿ ಅಷ್ಟು ಸಾಲದು. ಇಲ್ಲಿ ಒಂದೇ ರಾತ್ರಿಯಲ್ಲಿ ಬೋರ್‌ವೆಲ್ ಲಾರಿ ಬಂದು ಬೆಳಗಾಗುವಷ್ಟರಲ್ಲಿ ಕೊರೆದು ಹೋಗಿರುತ್ತದೆ. ಆದ್ದರಿಂದ ದಿನವೂ ನಡೆಯುವ ಪದ್ಧತಿಯೇ ಸರಿ, ಮತ್ತು ಆತನ ಜಿಪಿಎಸ್ ಯಂತ್ರ ಗೆರೆ ಎಳೆದಿದೆಯೋ ಇಲ್ಲವೋ ಎಂದಷ್ಟೇ ನೋಡದೆ ಆತ ಏನು ಕಂಡನೆಂದು ಕೇಳಬೇಕು.

ಏನನ್ನು ನೋಡಬೇಕು? ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣದ ನಾಲೆ ಬಯಲಿನಲ್ಲಿ ಗದ್ದೆಯನ್ನು ಮಟ್ಟ ಮಾಡಿಸುವುದು, ಇಟ್ಟಿಗೆ ಗೂಡಿಗೆ ಮಣ್ಣು ತೆಗೆಯುವುದು, ಹೊಸ ಕಾಲುವೆ ಹೊಡೆಯುವುದು ಇವು ಕೊಳವೆಯ ಮೇಲಿನ ಮಣ್ಣನ್ನು ಸದ್ದಿಲ್ಲದೆ ತಗ್ಗಿಸುತ್ತವೆ. ಒಂದು ಮೀಟರ್ ಇದ್ದ ಹೊದಿಕೆ ಅರ್ಧ ಮೀಟರಿಗೆ ಇಳಿದ ಮೇಲೆ ಕಬ್ಬು ನಾಟಿಗೆ ಆಳವಾಗಿ ಉಳುವ ನೇಗಿಲು ಕೂಡ ಅಪಾಯವೇ. ನಾಗಮಂಗಲದ ಕಡೆಯ ಕೆಂಪು ಮಣ್ಣಿನಲ್ಲಿ ಮುಂಗಾರಿನ ಮೊದಲ ಜೋರು ಮಳೆಗೆ ಕೊರಕಲು ಬಿದ್ದು ಕೊಳವೆ ತೆರೆದುಕೊಳ್ಳಬಹುದು. ನದಿ, ಹಳ್ಳ ದಾಟುವ ಕಡೆ ಮರಳು ತೆಗೆದ ಗುಂಡಿಗಳಿದ್ದರೆ ಪ್ರವಾಹ ಇಳಿದ ಕೂಡಲೇ ಆಳವನ್ನು ಮತ್ತೆ ಅಳೆಯಬೇಕು. ಕೊಳವೆಯ ನೇರಕ್ಕೆ ಹೊಸದಾಗಿ ನೆಟ್ಟ ತೆಂಗಿನ ಸಸಿ, ಶೆಡ್ಡಿನ ತಳಪಾಯ, ಕೃಷಿ ಹೊಂಡದ ಗುರುತು, ಕಿತ್ತು ಬದಿಗಿಟ್ಟ ಮಾರ್ಕರ್ ಕಲ್ಲು ಇವು ಯಾವುವೂ ಸಣ್ಣ ಸಂಗತಿಯಲ್ಲ. ರಾತ್ರಿಯಷ್ಟೇ ಅಗೆದು ಮುಚ್ಚಿದಂತೆ ಮಣ್ಣು ಸಡಿಲವಾಗಿದ್ದು, ಪಕ್ಕದಲ್ಲಿ ಟ್ಯಾಂಕರಿನ ಗಾಲಿಯ ಗುರುತಿದ್ದರೆ ಅದು ಕಳ್ಳತನಕ್ಕೆ ವಾಲ್ವ್ ಕೂರಿಸಿದ ಸುಳಿವಿರಬಹುದು. ಅಲ್ಲಿ ಆತ ಒಬ್ಬನೇ ನಿಲ್ಲದೆ ದೂರ ಸರಿದು ಕರೆ ಮಾಡಬೇಕು.

ಕಬ್ಬು ಎತ್ತರಕ್ಕೆ ಬೆಳೆದ ತಿಂಗಳುಗಳಲ್ಲಿ ಬದುವಿನ ಮೇಲಿನಿಂದ ಏನೂ ಕಾಣುವುದಿಲ್ಲ. ಆಗ ಆ ಊರಿನ ನೀರುಗಂಟಿ, ಟ್ರ್ಯಾಕ್ಟರ್ ಚಾಲಕರು, ಬೋರ್‌ವೆಲ್ ಏಜೆಂಟರು ಮತ್ತು ಪಂಚಾಯಿತಿಯ ಪಿಡಿಒ ಇವರ ಪರಿಚಯವೇ ಕೊಳವೆಯನ್ನು ಕಾಯುತ್ತದೆ. ಯಾರು ಎಲ್ಲಿ ಅಗೆಯಲಿದ್ದಾರೆಂಬುದು ಇವರಿಗೆ ಮೊದಲು ಗೊತ್ತಾಗುತ್ತದೆ. ರೈತರೊಂದಿಗೆ ಮಾತಾಡುವಾಗ ಕಾನೂನನ್ನು ನೇರವಾಗಿ, ಮರ್ಯಾದೆಯಿಂದ ಹೇಳಿ: 1962ರ ಪೆಟ್ರೋಲಿಯಂ ಮತ್ತು ಖನಿಜ ಪೈಪ್‌ಲೈನ್ ಕಾಯ್ದೆಯ ಪ್ರಕಾರ ಜಮೀನಿನ ಒಡೆತನ ಅವರದ್ದೇ, ಕಂಪನಿಗೆ ಇರುವುದು ಬಳಕೆಯ ಹಕ್ಕು ಮಾತ್ರ; ಬೇಸಾಯಕ್ಕೆ ಅಡ್ಡಿಯಿಲ್ಲ, ಆದರೆ ಕೊಳವೆ ಹಾದುಹೋದ ಜಮೀನಿನ ಪಟ್ಟಿಯೊಳಗೆ ಕಟ್ಟಡ, ಬಾವಿ, ತೊಟ್ಟಿ, ಕಟ್ಟೆ ಕಟ್ಟುವುದಕ್ಕೂ ಮರ ನೆಡುವುದಕ್ಕೂ ಅವಕಾಶವಿಲ್ಲ. ಬೆಳೆ ಹಾನಿಯಾದರೆ ಪರಿಹಾರ ಕೇಳುವ ಹಕ್ಕು ಅವರಿಗಿದೆ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಪರಿಹಾರವನ್ನು ವಿಳಂಬಿಸಿದ ಊರಿನಲ್ಲಿ ಮುಂದೆ ಯಾರೂ ಕರೆ ಮಾಡಿ ಎಚ್ಚರಿಸುವುದಿಲ್ಲ.

ಮಣ್ಣಿನ ಮೇಲಿನ ಅಳತೆ

ಉಕ್ಕು ಮಣ್ಣಿನಲ್ಲಿ ತುಕ್ಕು ಹಿಡಿಯುವಾಗ ಲೋಹದಿಂದ ಮಣ್ಣಿನ ಕಡೆಗೆ ವಿದ್ಯುತ್ ಹರಿಯುತ್ತಿರುತ್ತದೆ. ಇದಕ್ಕೆ ಮೊದಲ ತಡೆ ಕೊಳವೆಯ ಮೈಮೇಲಿನ ಪಾಲಿಥಿಲೀನ್ ಕೋಟಿಂಗ್. ಅದು ಕಿತ್ತ ಜಾಗಗಳಿಗೆ ಎರಡನೆಯ ತಡೆ ಕ್ಯಾಥೋಡಿಕ್ ರಕ್ಷಣೆ: ಟಿ.ಆರ್. ಯೂನಿಟ್ ಎಂಬ ಪೆಟ್ಟಿಗೆ ಗ್ರಿಡ್‌ನ ವಿದ್ಯುತ್ತನ್ನು ಡಿ.ಸಿ.ಗೆ ಬದಲಿಸಿ, ನೆಲದಲ್ಲಿ ಹೂತ ಆನೋಡ್‌ಗಳಿಂದ ಮಣ್ಣಿನ ಮೂಲಕ ಕೊಳವೆಯತ್ತ ಹರಿಸುತ್ತದೆ. ತಾಮ್ರ ಮತ್ತು ತಾಮ್ರದ ಸಲ್ಫೇಟ್ ದ್ರಾವಣದ ಅರ್ಧಕೋಶ ಎಂಬ ಅಳತೆಯ ಸಾಧನಕ್ಕೆ ಹೋಲಿಸಿ ಅಳೆದಾಗ ಕೊಳವೆ ಮೈನಸ್ 0.85 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು ಋಣವಾಗಿದ್ದರೆ ರಕ್ಷಣೆ ಸಿಕ್ಕಿದೆ ಎಂದು ಅರ್ಥ. ಹಾಗೆಂದು ಹೆಚ್ಚಿದಷ್ಟೂ ಒಳ್ಳೆಯದೆಂದು ತಿಳಿಯಬಾರದು, ಮೈನಸ್ 1.2 ವೋಲ್ಟ್ ದಾಟಿದರೆ ಜಲಜನಕ ಹುಟ್ಟಿ ಕೋಟಿಂಗ್ ಮೈಬಿಡುವ ಸಂಭವವಿದೆ.

ಈ ಅಳತೆಯನ್ನು ತೆಗೆಯುವ ರೀತಿಯಲ್ಲೇ ಬಹಳ ತಪ್ಪುಗಳಾಗುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅರ್ಧಕೋಶವನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿಯಿರಿ: ದ್ರಾವಣ ಗಾಢ ನೀಲಿಯಾಗಿರಬೇಕು, ತಳದಲ್ಲಿ ಕರಗದ ಹರಳುಗಳು ಉಳಿದಿರಬೇಕು. ಹರಳು ಕಾಣದಿದ್ದರೆ ದ್ರಾವಣ ತೆಳುವಾಗಿದೆ ಎಂದೇ ಅರ್ಥ. ಕಚೇರಿಯಲ್ಲಿ ಜೋಪಾನವಾಗಿಟ್ಟ ಇನ್ನೊಂದು ಕೋಶದ ಜೊತೆ ಹೋಲಿಸಿ, 5 ಮಿಲಿವೋಲ್ಟ್‌ಗಿಂತ ಹೆಚ್ಚು ಅಂತರ ಬಂದರೆ ತೊಳೆದು ಹೊಸದಾಗಿ ತುಂಬಿರಿ. ಗದ್ದೆಗೆ ಹೋದ ಮೇಲೆ ಕೊಳವೆಗೆ ಜೋಡಿಸಿದ ತಂತಿ ಮೇಲಕ್ಕೆ ಬಂದಿರುವ ಟೆಸ್ಟ್ ಪಾಯಿಂಟ್ ಪೆಟ್ಟಿಗೆಯನ್ನು ಕೋಲಿನಿಂದ ತಟ್ಟಿ ತೆರೆಯಿರಿ, ಒಳಗೆ ಕಣಜದ ಗೂಡೂ ಹಾವೂ ಇರುವುದುಂಟು. ಕೋಶದ ತಳ ಮುಟ್ಟುವ ಜಾಗದಲ್ಲಿ ಹುಲ್ಲು ಕೆರೆದು, ಮಣ್ಣು ಒಣಗಿದ್ದರೆ ನೀರು ಹೊಯ್ದು, ಕೋಶವನ್ನು ಕೊಳವೆಯ ನೇರಕ್ಕೆ ಒತ್ತಿ ನಿಲ್ಲಿಸಿ. ಬಿಸಿಲು ಕೋಶದ ಮೇಲೆ ನೇರವಾಗಿ ಬೀಳದಂತೆ ನೆರಳು ಮಾಡಿ, ಏಕೆಂದರೆ ಬೆಳಕು ಮತ್ತು ಶಾಖದಿಂದ ಅಂಕಿ ಜರುಗುತ್ತದೆ. ಟಿ.ಆರ್. ಯೂನಿಟ್ ಚಾಲೂ ಇರುವಾಗಿನ ಅಂಕಿಯಲ್ಲಿ ಮಣ್ಣಿನ ರೋಧದಿಂದ ಬರುವ ವೋಲ್ಟೇಜ್ ಕೂಡ ಸೇರಿಕೊಂಡಿರುತ್ತದೆ, ಹಾಗಾಗಿ ಅದನ್ನೇ ನಂಬಿದರೆ ರಕ್ಷಣೆ ಇಲ್ಲದ ಕೊಳವೆಯೂ ಕ್ಷೇಮವಾಗಿರುವಂತೆ ತೋರುತ್ತದೆ. ಸುತ್ತಲಿನ ಎಲ್ಲ ಯೂನಿಟ್‌ಗಳಿಗೂ ಜಿಪಿಎಸ್ ಗಡಿಯಾರದ ಇಂಟರಪ್ಟರ್ ಜೋಡಿಸಿ, ಒಂದೇ ಕ್ಷಣದಲ್ಲಿ ಎಲ್ಲವೂ ಆರಿ ಹೊತ್ತುವಂತೆ ಮಾಡಿ, ಆರಿದ ಕೂಡಲೇ ಕಾಣುವ ಅಂಕಿಯನ್ನು ಬರೆದುಕೊಳ್ಳಬೇಕು. 0.85ಕ್ಕೆ ಹೋಲಿಸಬೇಕಾದದ್ದು ಈ ಆಫ್ ಅಂಕಿಯನ್ನೇ.

ಟೆಸ್ಟ್ ಪಾಯಿಂಟ್‌ಗಳ ನಡುವೆ ಏನಾಗಿದೆ ಎಂದು ತಿಳಿಯಲು ಕೊಳವೆಯ ಉದ್ದಕ್ಕೂ ಹೆಜ್ಜೆಗೊಂದರಂತೆ ವೋಲ್ಟೇಜ್ ಅಳೆಯುವ ಸಿಐಪಿಎಸ್ ಸರ್ವೆಯೂ, ಕೋಟಿಂಗ್ ಕಿತ್ತ ಜಾಗವನ್ನು ಬೆರಳಿಟ್ಟು ತೋರಿಸುವ ಡಿಸಿವಿಜಿ ಸರ್ವೆಯೂ ಬೇಕು. ಇವುಗಳಿಗೆ ನಮ್ಮಲ್ಲಿ ಒಳ್ಳೆಯ ಕಾಲ ಮುಂಗಾರಿನ ಭತ್ತ ಕೊಯ್ದ ಮೇಲಿನ ಡಿಸೆಂಬರ್, ಜನವರಿ. ಗದ್ದೆಯಲ್ಲಿ ನಡೆಯಬಹುದು, ಮಣ್ಣಿನಲ್ಲಿ ಇನ್ನೂ ಪಸೆ ಇರುತ್ತದೆ, ಬೆಳೆ ತುಳಿದ ತಕರಾರೂ ಇಲ್ಲ. ನಾಲೆಯಲ್ಲಿ ಕಟ್ಟು ಪದ್ಧತಿಯ ಮೇಲೆ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಕೊಡುತ್ತಿದ್ದರೆ ನೀರು ಯಾವಾಗ ಬರುತ್ತದೆಂದು ನೀರಾವರಿ ನಿಗಮದ ಸೆಕ್ಷನ್ ಕಚೇರಿಯಲ್ಲಿ ಕೇಳಿಕೊಂಡೇ ದಿನ ಗೊತ್ತುಮಾಡಿ. ತೇವದ ಗದ್ದೆಯ ಅಂಕಿಯನ್ನೂ ಒಣ ಹೊಲದ ಅಂಕಿಯನ್ನೂ ಪಕ್ಕಪಕ್ಕದಲ್ಲಿಟ್ಟು ಒಂದೇ ಮಾನದಲ್ಲಿ ತೂಗಬಾರದು. ಕಳೆದ ವರ್ಷ ಅದೇ ಜಾಗದಲ್ಲಿ, ಅದೇ ಋತುವಿನಲ್ಲಿ ಬಂದ ಅಂಕಿಗೆ ಹೋಲಿಸಿದರೆ ಮಾತ್ರ ಅದಕ್ಕೆ ಬೆಲೆ.

ಹಳ್ಳಿ ಫೀಡರ್‌ನಿಂದ ವಿದ್ಯುತ್ ಪಡೆಯುವ ಯೂನಿಟ್‌ಗಳ ವಿಷಯದಲ್ಲಿ ಇನ್ನೊಂದು ಮಾತು. ವೋಲ್ಟ್, ಆಂಪಿಯರ್ ಬರೆಯುವುದರ ಜೊತೆಗೆ ಆ ತಿಂಗಳು ಎಷ್ಟು ಗಂಟೆ ವಿದ್ಯುತ್ ಇರಲಿಲ್ಲ ಎಂದೂ ಬರೆಯಿರಿ. ತಪಾಸಣೆಯ ದಿನ ಯೂನಿಟ್ ಸರಿಯಾಗಿ ಓಡುತ್ತಿದ್ದು ಉಳಿದ ದಿನ ಅರ್ಧ ಹೊತ್ತು ಸತ್ತಿದ್ದರೆ ದಾಖಲೆಯಲ್ಲಿ ಎಲ್ಲವೂ ಸರಿ ಎಂದೇ ಇರುತ್ತದೆ. ಹೈಟೆನ್ಷನ್ ಲೈನುಗಳು ಕೊಳವೆಗೆ ಸಮಾನಾಂತರವಾಗಿ ಹೋಗುವ ಕಡೆ ಎ.ಸಿ. ವೋಲ್ಟೇಜನ್ನೂ ಅಳೆಯಬೇಕು, 15 ವೋಲ್ಟ್ ಮೀರಿದರೆ ಅದು ಮುಟ್ಟುವವನ ಜೀವಕ್ಕೆ ಸಂಬಂಧಪಟ್ಟ ವಿಷಯ, ಕೂಡಲೇ ಅರ್ಥಿಂಗ್ ವ್ಯವಸ್ಥೆಯಾಗಬೇಕು.

ಕೊಳವೆಯ ಒಳಗೆ

ಒಳಗಿನ ಕೆಲಸಕ್ಕೆ ಪಿಗ್ ಎಂಬ ಸಾಧನವಿದೆ. ಇಂಧನದ ಒತ್ತಡವೇ ಅದನ್ನು ಒಂದು ನಿಲ್ದಾಣದ ಲಾಂಚರಿನಿಂದ ಮುಂದಿನ ನಿಲ್ದಾಣದ ರಿಸೀವರಿಗೆ ತಳ್ಳಿಕೊಂಡು ಹೋಗುತ್ತದೆ. ಸ್ವಚ್ಛಗೊಳಿಸುವ ಪಿಗ್ ತಗ್ಗುಗಳಲ್ಲಿ ನಿಂತ ನೀರನ್ನೂ ತುಕ್ಕಿನ ಪುಡಿಯನ್ನೂ ತಳ್ಳಿ ತರುತ್ತದೆ. ಅದನ್ನು ಡ್ರಮ್ಮಿಗೆ ಸುರಿದು ಮರೆಯಬೇಡಿ: ತೂಕ ಮಾಡಿ, ನೀರೆಷ್ಟು ಪುಡಿಯೆಷ್ಟು ಎಂದು ಬರೆದು, ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ. ಸಲದಿಂದ ಸಲಕ್ಕೆ ಕಸ ಹೆಚ್ಚುತ್ತಿದ್ದರೆ ಒಳಮೈ ಸವೆಯುತ್ತಿದೆ, ತುಕ್ಕು ತಡೆಯುವ ರಾಸಾಯನಿಕದ ಪ್ರಮಾಣವನ್ನು ಮತ್ತೆ ನೋಡಬೇಕು. ಅಲಾಸ್ಕಾದ ಪ್ರೂಡೋ ಬೇಯಲ್ಲಿ 2006ರಲ್ಲಿ ಸೋರಿದ ಕೊಳವೆಯೊಳಗೆ 1998ರ ಬಳಿಕ, ಗೋಡೆಯ ಸವೆತ ಪತ್ತೆಹಚ್ಚುವ ಸ್ಮಾರ್ಟ್ ಪಿಗ್ ಓಡಿಸಿರಲಿಲ್ಲ; ತಳದಲ್ಲಿ ಕೂತ ಕೆಸರಿನ ಅಡಿಯಲ್ಲಿ ಉಕ್ಕು ಸವೆದು, ಬೆರಳಗಲಕ್ಕಿಂತ ಚಿಕ್ಕ ತೂತಿನಿಂದ ಲಕ್ಷಗಟ್ಟಲೆ ಲೀಟರ್ ತೈಲ ಹಿಮದ ನೆಲಕ್ಕೆ ಹರಿಯಿತು.

ರಿಸೀವರಿನ ಬಾಗಿಲು ತೆರೆಯುವಾಗ ಅವಸರ ಬೇಡ. ಎರಡೂ ವಾಲ್ವ್ ಮುಚ್ಚಿ ಬೀಗ ಹಾಕಿ, ದ್ರವ ಬಸಿದು, ಗಾಳಿಕಂಡಿ ತೆರೆದು, ಒತ್ತಡದ ಮಾಪಕ ಸೊನ್ನೆ ತೋರಿಸಿದ ಮೇಲೂ ಮಾಪಕವೇ ಕಟ್ಟಿಕೊಂಡಿರಬಹುದೆಂದು ಎಣಿಸಿ ಇನ್ನೊಂದು ದಾರಿಯಿಂದ ಖಚಿತಪಡಿಸಿಕೊಳ್ಳಿ. ಬಾಗಿಲಿನ ಎದುರು ಯಾರೂ ನಿಲ್ಲಬಾರದು.

ಸ್ಮಾರ್ಟ್ ಪಿಗ್ ಕೊಳವೆಯ ಗೋಡೆಯನ್ನು ಕಾಂತಗೊಳಿಸಿ, ಲೋಹ ಸವೆದ ಕಡೆ ಸೋರುವ ಕಾಂತಕ್ಷೇತ್ರವನ್ನು ಸೆನ್ಸರ್‌ಗಳಿಂದ ದಾಖಲಿಸುತ್ತದೆ. ಅದಕ್ಕೂ ಮೊದಲು ಕೊಳವೆಯ ಗೋಡೆ ಒಳಕ್ಕೆ ನಗ್ಗಿದ ತಗ್ಗು, ಡೊಂಕು ಅಳೆಯುವ ಪಿಗ್ ಓಡಿಸಿ ದಾರಿ ಸುಗಮವಿದೆಯೆಂದು ನೋಡಿಕೊಳ್ಳಬೇಕು. ಸವೆತ ಹುಡುಕುವ ಪಿಗ್ ಬಿರುಕನ್ನು ಹುಡುಕಿಕೊಡುತ್ತದೆಂದು ನಂಬಬೇಡಿ, ಬಿರುಕಿಗೆ ಬೇರೆ ತಂತ್ರವಿದೆ. ವರದಿ ಬಂದಾಗ ಮೊದಲು ನೋಡಬೇಕಾದ್ದನ್ನು ಅಮೆರಿಕದ ನಿಯಮ ಸ್ಪಷ್ಟವಾಗಿ ಹೇಳಿದೆ, ನಾನು ಅದನ್ನೇ ಪಾಲಿಸಲು ಹೇಳುತ್ತೇನೆ: ಗೋಡೆಯ ದಪ್ಪದ 80 ಶೇಕಡಾಕ್ಕಿಂತ ಹೆಚ್ಚು ಸವೆತ, ಲೆಕ್ಕದಲ್ಲಿ ಬಂದ ಸಿಡಿಯುವ ಒತ್ತಡವು ಚಾಲನೆಗೆ ಅನುಮತಿಸಿದ ಗರಿಷ್ಠ ಒತ್ತಡಕ್ಕಿಂತ ಕಡಿಮೆಯಾದ ಜಾಗ, ಕೊಳವೆಯ ಮೇಲ್ಭಾಗದಲ್ಲಿ ವ್ಯಾಸದ 6 ಶೇಕಡಾಕ್ಕಿಂತ ಆಳವಾದ ತಗ್ಗು, ಮತ್ತು ಎಷ್ಟೇ ಸಣ್ಣದಾದರೂ ಸವೆತ ಅಥವಾ ಬಿರುಕು ಸೇರಿಕೊಂಡಿರುವ ಮೇಲ್ಭಾಗದ ತಗ್ಗು. ಕೊನೆಯದನ್ನು ಬಹಳ ಜನ ಹಗುರವಾಗಿ ಕಾಣುತ್ತಾರೆ. ಮೇಲ್ಭಾಗದ ತಗ್ಗು ಎಂದರೆ ಯಾರದೋ ಯಂತ್ರ ಮೇಲಿನಿಂದ ಹೊಡೆದಿದೆ ಎಂದೇ ತಿಳಿಯಬೇಕು. ಬೆಲ್ಲಿಂಗ್‌ಹ್ಯಾಮ್‌ನ ಕೊಳವೆಗೆ ಪೆಟ್ಟು ಬಿದ್ದದ್ದೂ ಹಾಗೆಯೇ.

ಅಗೆದು ನೋಡುವುದು

ಪಟ್ಟಿಯಲ್ಲಿರುವ ದೋಷವನ್ನು ಕಣ್ಣಾರೆ ಕಾಣುವ ತನಕ ಅದು ಅಂದಾಜು ಮಾತ್ರ. ಅಗೆಯುವ ಮೊದಲು ಆ ಜಾಗದ ಒತ್ತಡವನ್ನು ಇತ್ತೀಚಿನ ಗರಿಷ್ಠ ಒತ್ತಡದ 80 ಶೇಕಡಾಕ್ಕೆ ಇಳಿಸಬೇಕು. ಹತ್ತಿರದ ಬೆಸುಗೆಯಿಂದ ದೂರ ಅಳೆದು ಜಾಗ ಗುರುತಿಸಿ, ಹೂತ ಕೊಳವೆಯನ್ನು ಪತ್ತೆಹಚ್ಚುವ ಲೊಕೇಟರ್ ಯಂತ್ರದಿಂದ ಅದರ ನೇರವನ್ನು ಖಚಿತಪಡಿಸಿಕೊಂಡು, ಯಂತ್ರದಿಂದ ಮೇಲ್ಮಣ್ಣನ್ನು ಮಾತ್ರ ತೆಗೆಸಿ. ಕೊನೆಯ ಅರ್ಧ ಮೀಟರ್ ಕೈಗುದ್ದಲಿಯ ಕೆಲಸ. ನಾಲೆ ಬಯಲಿನಲ್ಲಿ ಗುಂಡಿಗೆ ನೀರು ಊರುವುದರಿಂದ ಗೋಡೆಯನ್ನು ಇಳಿಜಾರಾಗಿ ಕಡಿಸಿ, ಹತ್ತಿ ಹೊರಬರಲು ಎರಡು ದಾರಿ ಬಿಟ್ಟು, ಇಳಿಯುವ ಮುನ್ನ ಅನಿಲ ಪತ್ತೆ ಯಂತ್ರದಿಂದ ಗುಂಡಿಯ ತಳವನ್ನು ಪರೀಕ್ಷಿಸಿ. ಪೆಟ್ರೋಲಿನ ಆವಿಯೂ ಅಡುಗೆ ಅನಿಲವೂ ಗಾಳಿಗಿಂತ ಭಾರ, ತಗ್ಗಿನಲ್ಲೇ ಕೂರುತ್ತವೆ.

ಕೋಟಿಂಗ್ ಕತ್ತರಿಸುವ ಮೊದಲು ಚಿತ್ರ ತೆಗೆಯಿರಿ. ಕೋಟಿಂಗ್ ಅಡಿಯಲ್ಲಿ ನೀರು ಸಿಕ್ಕಿದರೆ ಅದರ ಆಮ್ಲೀಯತೆ ನೋಡಿ, ಆಮೇಲೆ ಒರೆಸಿ. ಮೈ ಸ್ವಚ್ಛಗೊಳಿಸಿ, ಸವೆದ ಜಾಗದ ಮೇಲೆ ಸೀಮೆಸುಣ್ಣದಿಂದ ಚೌಕುಳಿ ಎಳೆದು, ಪ್ರತಿ ಚೌಕದ ದಪ್ಪವನ್ನು ಅಲ್ಟ್ರಾಸಾನಿಕ್ ಮಾಪಕದಿಂದಲೂ ಕುಳಿಯ ಆಳವನ್ನು ಪಿಟ್ ಗೇಜಿನಿಂದಲೂ ಅಳೆಯಿರಿ. ಪಿಗ್ ಹೇಳಿದ ಆಳಕ್ಕೂ ನೀವು ಕಂಡ ಆಳಕ್ಕೂ ಎಷ್ಟು ಅಂತರ ಬಂತು ಎಂಬುದು ಬಹಳ ಮುಖ್ಯ. ಪಿಗ್ ಕಡಿಮೆ ಅಂದಾಜಿಸಿದ್ದರೆ ಅಗೆಯದೆ ಬಿಟ್ಟ ಉಳಿದ ದೋಷಗಳ ಲೆಕ್ಕವನ್ನೂ ಮತ್ತೆ ಹಾಕಬೇಕಾಗುತ್ತದೆ. ದುರಸ್ತಿಯ ಆಯ್ಕೆ ದೋಷಕ್ಕೆ ತಕ್ಕಂತೆ: ಹೊರಮೈ ಸವೆತಕ್ಕೆ ಕಾಂಪೋಸಿಟ್ ಸುತ್ತು ಸಾಕಾಗಬಹುದು, ಆಳವಾದ ಅಥವಾ ಸೋರುವ ದೋಷಕ್ಕೆ ಕೊಳವೆಯ ಸುತ್ತ ಪೂರ್ತಿ ಬೆಸೆದ ಉಕ್ಕಿನ ತೋಳು (ಸ್ಲೀವ್) ಬೇಕು, ಬಿರುಕು ಬಿಟ್ಟ ತಗ್ಗಿದ್ದರೆ ಆ ತುಂಡನ್ನೇ ಕತ್ತರಿಸಿ ಬದಲಿಸುವುದು ನನ್ನ ಮಟ್ಟಿಗೆ ನೆಮ್ಮದಿಯ ದಾರಿ. ಹೊಸ ಕೋಟಿಂಗಿನಲ್ಲಿ ಎಲ್ಲೂ ತೂತು ಉಳಿದಿಲ್ಲವೆಂದು ವಿದ್ಯುತ್ತಿನಿಂದ ನೋಡುವ ಹಾಲಿಡೇ ಪರೀಕ್ಷೆ ಮಾಡಿಯೇ ಮುಚ್ಚಬೇಕು, ಕಲ್ಲಿಲ್ಲದ ಸಣ್ಣ ಮಣ್ಣನ್ನು ಮೊದಲು ಹಾಕಬೇಕು.

ವಾಲ್ವ್ ಮತ್ತು ಸೋರಿಕೆಯ ಸಿದ್ಧತೆ

ಮಧ್ಯದ ವಾಲ್ವ್ ಸ್ಟೇಷನ್‌ಗಳನ್ನು ವರ್ಷಕ್ಕೆ ಎರಡು ಸಲವಾದರೂ ತಿರುಗಿಸಿ ನೋಡಬೇಕು. ದೂರನಿಯಂತ್ರಣದಿಂದ ಆಜ್ಞೆ ಕೊಟ್ಟು, ಅದೇ ಹೊತ್ತಿನಲ್ಲಿ ಒಬ್ಬರು ಸ್ಥಳದಲ್ಲಿ ನಿಂತು ಮುಚ್ಚಲು ಹಿಡಿದ ಸೆಕೆಂಡುಗಳನ್ನು ಎಣಿಸಬೇಕು.

ಒಳಹೋದ ಇಂಧನಕ್ಕೂ ಹೊರಬಂದ ಇಂಧನಕ್ಕೂ ತಾಳೆ ನೋಡುವ ಸೋರಿಕೆ ಪತ್ತೆ ವ್ಯವಸ್ಥೆಗೆ ತೀರ ಸಣ್ಣ ಸೋರಿಕೆ ತಿಳಿಯುವುದಿಲ್ಲ. ಅದನ್ನು ಮೊದಲು ಕಾಣುವವರು ಊರವರೇ: ಗದ್ದೆಯ ನೀರಿನ ಮೇಲೆ ಬಣ್ಣಬಣ್ಣದ ಪದರ, ಸುತ್ತೆಲ್ಲ ಹಸಿರಿದ್ದು ಒಂದು ಪಟ್ಟಿ ಮಾತ್ರ ಒಣಗಿದ ಪೈರು, ಬಾವಿ ನೀರಿನಲ್ಲಿ ಪೆಟ್ರೋಲ್ ವಾಸನೆ. ಇಂಥದ್ದು ಕಂಡಾಗ ಮಾಡಬೇಕಾದದ್ದನ್ನು ಪ್ರತಿ ಊರಿನಲ್ಲೂ ಕನ್ನಡದಲ್ಲಿ ಹೇಳಿ ಅಭ್ಯಾಸ ಮಾಡಿಸಬೇಕು. ಬೀಡಿ, ಬೆಂಕಿ ಹಚ್ಚಬಾರದು. ಪಂಪ್‌ಸೆಟ್ಟಿನ ಸ್ವಿಚ್ ಹಾಕಲೂಬಾರದು, ಆರಿಸಲೂಬಾರದು. ಬೈಕ್, ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಬಾರದು. ಪಕ್ಕದ ಹೊಲದಲ್ಲಿ ಕಬ್ಬಿನ ತರಗಿಗೆ ಬೆಂಕಿ ಇಡುವವರಿದ್ದರೆ ನಿಲ್ಲಿಸಬೇಕು. ಗಾಳಿ ಬೀಸಿ ಬರುವ ದಿಕ್ಕಿಗೆ, ತಗ್ಗಿನಿಂದ ಎತ್ತರಕ್ಕೆ ಸರಿದು, ದೂರ ಹೋದ ಮೇಲೆ ಮಾರ್ಕರ್ ಫಲಕದ ಮೇಲಿನ ನಂಬರಿಗೂ 112ಕ್ಕೂ ಕರೆ ಮಾಡಿ, ಫಲಕದಲ್ಲಿ ಬರೆದ ಕಿಲೋಮೀಟರ್ ಸಂಖ್ಯೆಯನ್ನು ಹೇಳಬೇಕು. ಗದ್ದೆಯಿಂದ ಹೊರಬೀಳುವ ತೂಬುಗಳನ್ನು ಮುಚ್ಚಿಸಿ ಇಂಧನ ನಾಲೆ ಸೇರದಂತೆ ತಡೆಯುವ ಕೆಲಸ ರಕ್ಷಣಾ ತಂಡದ್ದು, ಊರವರು ಅದಕ್ಕೆ ಇಳಿಯಬಾರದು. ಆದರೆ ಯಾವ ತೂಬು ಎಲ್ಲಿಗೆ ಹರಿಯುತ್ತದೆ ಎಂಬುದು ನೀರುಗಂಟಿಗೆ ಗೊತ್ತಿರುವುದರಿಂದ ಆತನ ಮೊಬೈಲ್ ನಂಬರು ಆ ಹಾಳೆಯಲ್ಲಿ, ಆ ಚೈನೇಜಿನ ಎದುರಿಗೇ ಬರೆದಿರಲಿ. ನೀರುಗಂಟಿ ಬದಲಾದರೆ ಆ ಸಾಲನ್ನು ಅದೇ ವಾರ ತಿದ್ದಬೇಕು.